ನಾಲ್ಕು ಎಸ್‌ಎಸ್‌ಡಿ ಹಾಕಿದರೂ ಒಂದೇ ಕಾಣುತ್ತಿದೆಯೇ? ಪಿಸಿಐಇ ಲೇನ್ ಹಂಚಿಕೆಯ ದೋಷ ಹುಡುಕುವ ಬಗೆ

ಒಂದು ಅಡಾಪ್ಟರ್ ಕಾರ್ಡ್ ತಂದು ಅದರ ಮೇಲೆ ನಾಲ್ಕು ಎಂ.2 (ಚಪ್ಪಟೆ ಪಟ್ಟಿಯಂಥ) ಎಸ್‌ಎಸ್‌ಡಿ ಕೂರಿಸಿದ್ದೀರಿ. ಮದರ್‌ಬೋರ್ಡ್‌ನ ಉದ್ದನೆಯ ಪಿಸಿಐಇ ಸ್ಲಾಟ್‌ಗೆ ಆ ಕಾರ್ಡ್ ಹಾಕಿ ಕಂಪ್ಯೂಟರ್ ಆನ್ ಮಾಡಿದರೆ ಕಾಣುವುದು ಒಂದೇ ಎಸ್‌ಎಸ್‌ಡಿ. ಉಳಿದ ಮೂರರ ಸುಳಿವೇ ಇಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ. ಇನ್ನು ಕೆಲವರು ಎಸ್‌ಎಸ್‌ಡಿಯನ್ನೇ ಅನುಮಾನಿಸಿ, ಡೇಟಾ ಇದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಎರಡೂ ಬೇಡ. ನಾನು ನೋಡಿದ ಬಹುತೇಕ ಕೇಸ್‌ಗಳಲ್ಲಿ ಕಾರ್ಡೂ ಚೆನ್ನಾಗಿತ್ತು, ಎಸ್‌ಎಸ್‌ಡಿಗಳೂ ಚೆನ್ನಾಗಿದ್ದವು. ಸ್ಕ್ರೂ ಬಿಚ್ಚುವ ಮೊದಲು, ದುಡ್ಡು ಖರ್ಚು ಮಾಡುವ ಮೊದಲು, ಒಂದೇ ಒಂದು ವಿಷಯ ಬರೆದಿಟ್ಟುಕೊಳ್ಳಿ: ಕಾರ್ಡ್‌ನ ಎಷ್ಟನೇ ಜಾಗದ ಎಸ್‌ಎಸ್‌ಡಿ ಕಾಣುತ್ತಿದೆ, ಎಷ್ಟನೆಯದು ಕಾಣುತ್ತಿಲ್ಲ. ದೋಷ ಎಲ್ಲಿದೆ ಅನ್ನುವುದನ್ನು ಮುಕ್ಕಾಲು ಪಾಲು ಅದೇ ಹೇಳಿಬಿಡುತ್ತದೆ.

ಒಂದೇ ಯಾಕೆ ಕಾಣುತ್ತದೆ

ಪೂರ್ತಿ ಉದ್ದದ ಸ್ಲಾಟ್‌ನಲ್ಲಿ 16 ಲೇನ್, ಅಂದರೆ ಡೇಟಾ ಓಡಾಡುವ ತಂತಿ ದಾರಿಗಳು, ಇರುತ್ತವೆ. ಒಂದು ಎನ್‌ವಿಎಂಇ ಎಸ್‌ಎಸ್‌ಡಿಗೆ (ಪಿಸಿಐಇ ಮೂಲಕ ಮಾತಾಡುವ ಎಸ್‌ಎಸ್‌ಡಿ) 4 ಲೇನ್ ಸಾಕು. ಹಾಗಾದರೆ ನಾಲ್ಕು ಎಸ್‌ಎಸ್‌ಡಿಗೆ ಸರಿಹೋಗಬೇಕು, ಅಲ್ವಾ? ತಂತಿಗಳ ಲೆಕ್ಕದಲ್ಲಿ ಸರಿ. ಆದರೆ ಪ್ರೊಸೆಸರ್ ಆ 16 ಲೇನ್‌ಗಳನ್ನು ಒಟ್ಟಿಗೆ ಒಂದು ಪೋರ್ಟ್ ಅಂತ ನೋಡುತ್ತದೆ. ಒಂದು ಪೋರ್ಟ್‌ನ ಆಚೆ ಒಂದೇ ಸಾಧನ ಇರಬೇಕು ಅನ್ನುವುದು ಪಿಸಿಐಇ ನಿಯಮ. ನಾಲ್ಕು ಸಂಸಾರ ಇರುವ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಪೋಸ್ಟ್‌ಮ್ಯಾನ್ ಮೊದಲ ಬಾಗಿಲು ತಟ್ಟಿ ಹೊರಟುಹೋಗುತ್ತಾನೆ.

ಆನ್ ಆದ ಕೂಡಲೇ ಪೋರ್ಟ್ ತನ್ನ ಎದುರಿಗೆ ಯಾರಿದ್ದಾರೆ ಅಂತ ಹುಡುಕುತ್ತದೆ. ಮೊದಲ ನಾಲ್ಕು ಲೇನ್‌ನಲ್ಲಿ ಒಂದು ಎಸ್‌ಎಸ್‌ಡಿ ಉತ್ತರ ಕೊಡುತ್ತದೆ. "ಓಹೋ, ಇದು 4 ಲೇನ್‌ನ ಸಾಧನ" ಅಂತ ಪೋರ್ಟ್ ಅಷ್ಟಕ್ಕೇ ಕುಗ್ಗಿಕೊಂಡು ಕೆಲಸ ಶುರು ಮಾಡುತ್ತದೆ. ಉಳಿದ 12 ಲೇನ್ ಸುಮ್ನೆ ಬಿದ್ದಿರುತ್ತವೆ.

ಇದನ್ನು ಸರಿಮಾಡುವ ವ್ಯವಸ್ಥೆಗೆ ಬೈಫರ್ಕೇಶನ್ ಅಂತಾರೆ. ಆ ದೊಡ್ಡ ಪೋರ್ಟನ್ನು 8+8 ಅಂತಲೋ, 8+4+4 ಅಂತಲೋ, 4+4+4+4 ಅಂತಲೋ ಒಡೆದು, ಒಂದೊಂದು ತುಂಡನ್ನೂ ಬೇರೆ ಪೋರ್ಟ್ ಮಾಡುವುದು. ಈ ಕೆಲಸ ನಡೆಯುವುದು ಪ್ರೊಸೆಸರ್ ಒಳಗೆ. ಮಾಡಿಸುವುದು ಬಯಾಸ್, ಅಂದರೆ ಆನ್ ಆದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್. ವಿಂಡೋಸ್ ಅಥವಾ ಲಿನಕ್ಸ್ ಶುರುವಾಗುವ ಹೊತ್ತಿಗೆ ಹಂಚಿಕೆ ಮುಗಿದಿರುತ್ತದೆ. ಹಾಗಾಗಿ ಡ್ರೈವರ್ ಅಪ್‌ಡೇಟ್ ಮಾಡುವುದರಿಂದ, ವಿಂಡೋಸ್ ಮತ್ತೆ ಹಾಕುವುದರಿಂದ ಇದು ಸರಿಹೋಗುವುದಿಲ್ಲ. ಆ ದಾರಿಯಲ್ಲಿ ಒಂದು ದಿನ ಕಳೆದವರನ್ನು ನೋಡಿದಾಗ ನಿಜಕ್ಕೂ ಬೇಜಾರಾಗುತ್ತದೆ.

ಯಾವ ಜಾಗ ಕಾಣುತ್ತಿದೆ?

ನಾಲ್ಕೂ ಜಾಗ ತುಂಬಿದೆ ಅಂದುಕೊಳ್ಳಿ. ಜಾಗಗಳನ್ನು ಲೇನ್ ಇರುವ ಕ್ರಮದಲ್ಲಿ 1, 2, 3, 4 ಅಂತ ಕರೆಯೋಣ. ಕಾರ್ಡ್ ಮೇಲೆ ಅಚ್ಚಾಗಿರುವ ಸಂಖ್ಯೆ ಸಾಮಾನ್ಯವಾಗಿ ಇದೇ ಕ್ರಮದಲ್ಲಿರುತ್ತದೆ. ಆದರೆ ಎಲ್ಲ ಕಾರ್ಡ್‌ನಲ್ಲೂ ಹಾಗಿರುತ್ತದೆ ಅಂತ ನಂಬಬೇಡಿ.

- 1 ಮಾತ್ರ ಕಾಣುತ್ತಿದೆ: ಸ್ಲಾಟ್ ಒಡೆದೇ ಇಲ್ಲ. ಇಲ್ಲವೇ, ಆ ಸ್ಲಾಟ್‌ನಲ್ಲಿ ನಿಜವಾಗಿ ಇರುವುದೇ 4 ಲೇನ್.
- 1 ಮತ್ತು 3: ಸ್ಲಾಟ್ 8+8 ಆಗಿ ಒಡೆದಿದೆ. ಒಂದೊಂದು 8ರ ತುಂಡಿನಲ್ಲೂ ಮೊದಲನೆಯದಕ್ಕೆ ಮಾತ್ರ ಜಾಗ ಸಿಕ್ಕಿದೆ.
- 1, 3 ಮತ್ತು 4: ಇದು 8+4+4.
- 1 ಮತ್ತು 2: ಒಡೆದಿರುವುದು ಸರಿ ಇದೆ, ಆದರೆ ಸ್ಲಾಟ್‌ಗೆ ಬರುತ್ತಿರುವುದು 8 ಲೇನ್ ಅಷ್ಟೇ. ಉಳಿದ 8 ಬೇರೆ ಎಲ್ಲಿಗೋ ಹೋಗಿವೆ.
- ಮೂರು ಕಾಣುತ್ತಿವೆ, ಆದರೆ ಇಲ್ಲದ್ದು 2 ಅಲ್ಲ: ಹೆಚ್ಚಾಗಿ ಇದು ಸೆಟ್ಟಿಂಗ್ ವಿಷಯವಲ್ಲ. ಎಸ್‌ಎಸ್‌ಡಿ, ಕಾರ್ಡ್‌ನ ಜಾಗ, ಪಿನ್, ಇವುಗಳ ಕಡೆ ನೋಡಬೇಕು.

ಒಂದು ಎಚ್ಚರಿಕೆ. ಕೆಲವು ಬೋರ್ಡ್‌ಗಳಲ್ಲಿ ಲೇನ್‌ಗಳನ್ನು ತಿರುವುಮುರುವಾಗಿ ಎಳೆದಿರುತ್ತಾರೆ. ಅಲ್ಲಿ 8+4+4 ಅನ್ನುವುದು 4+4+8 ಆಗಿ ಸಿಗುತ್ತದೆ. ಅಂಥ ಬೋರ್ಡ್‌ನಲ್ಲಿ 1 ಮತ್ತು 2 ಕಾಣುತ್ತವೆ, 3 ಮತ್ತು 4ರಲ್ಲಿ ಒಂದು ಮಾತ್ರ ಕಾಣುತ್ತದೆ. ಅನುಮಾನ ಬಂದರೆ ಮೂರು ಎಸ್‌ಎಸ್‌ಡಿ ತೆಗೆದುಬಿಡಿ. ಒಂದನ್ನೇ ಇಟ್ಟುಕೊಂಡು ನಾಲ್ಕೂ ಜಾಗದಲ್ಲಿ ಒಂದೊಂದಾಗಿ ಹಾಕಿ ನೋಡಿ. ಬೇಸರದ ಕೆಲಸ ನಿಜ, ಆದರೆ ಇದರಷ್ಟು ಖಚಿತ ಉತ್ತರ ಬೇರೆ ಯಾವುದೂ ಕೊಡುವುದಿಲ್ಲ. ಪ್ರತಿ ಸಲವೂ ಪವರ್ ಕೇಬಲ್ ತೆಗೆದೇ ಬದಲಾಯಿಸಿ.

ಲಿನಕ್ಸ್ ಇದ್ದವರಿಗೆ ಕೆಲಸ ಇನ್ನೂ ಸುಲಭ. ಎಲ್‌ಎಸ್‌ಪಿಸಿಐ ಕಮಾಂಡನ್ನು ಮರದ ರೂಪದಲ್ಲಿ ತೋರಿಸುವ ಆಯ್ಕೆಯೊಂದಿಗೆ ಓಡಿಸಿ. ಸ್ಲಾಟ್ ಸರಿಯಾಗಿ ಒಡೆದಿದ್ದರೆ ಪ್ರೊಸೆಸರ್‌ನ ನಾಲ್ಕು ಬೇರೆ ಬೇರೆ ಪೋರ್ಟ್‌ಗಳ ಕೆಳಗೆ ಒಂದೊಂದು ಎನ್‌ವಿಎಂಇ ಕಾಣುತ್ತದೆ. ವಿವರದ ಆಯ್ಕೆ ಕೊಟ್ಟರೆ ಪ್ರತಿ ಸಾಧನಕ್ಕೂ ಎರಡು ಸಾಲು ಬರುತ್ತವೆ. ಒಂದು ಅದರ ತಾಕತ್ತು ಎಷ್ಟು ಅನ್ನುವುದು, ಇನ್ನೊಂದು ಈಗ ಎಷ್ಟರಲ್ಲಿ ಓಡುತ್ತಿದೆ ಅನ್ನುವುದು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಅಥವಾ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇದೇ ಮಾಹಿತಿ ಕೊಡುತ್ತದೆ.

ಸ್ಲಾಟ್ ಉದ್ದ ಇದ್ದ ಮಾತ್ರಕ್ಕೆ 16 ಲೇನ್ ಇರುವುದಿಲ್ಲ

ಬಯಾಸ್‌ಗೆ ಹೋಗುವ ಮೊದಲು ಮದರ್‌ಬೋರ್ಡ್‌ನ ಕೈಪಿಡಿ ತೆಗೆಯಿರಿ. ಕಾಗದದ್ದು ಕಳೆದಿದ್ದರೆ ಕಂಪನಿಯ ಸೈಟ್‌ನಲ್ಲಿ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಸ್ಲಾಟ್‌ಗಳ ಪಟ್ಟಿ ಓದಿ. ಸಾಮಾನ್ಯ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಹತ್ತಿರದ ಮೊದಲ ಉದ್ದನೆಯ ಸ್ಲಾಟ್‌ಗೆ ಮಾತ್ರ 16 ಲೇನ್ ಬರುತ್ತದೆ. ಕೆಳಗಿನ ಎರಡನೇ ಸ್ಲಾಟ್ ನೋಡಲು ಅಷ್ಟೇ ಉದ್ದ ಇದ್ದರೂ ಬಹಳ ಬೋರ್ಡ್‌ಗಳಲ್ಲಿ ಅದಕ್ಕೆ ಚಿಪ್‌ಸೆಟ್‌ನಿಂದ (ಪ್ರೊಸೆಸರ್‌ಗೆ ನೆರವಾಗುವ, ಬೋರ್ಡ್ ಮೇಲಿನ ಚಿಪ್) 4 ಲೇನ್ ಅಷ್ಟೇ ಎಳೆದಿರುತ್ತಾರೆ. ಟಾರ್ಚ್ ಬಿಟ್ಟು ಸ್ಲಾಟ್ ಒಳಗೆ ನೋಡಿದರೆ ಲೋಹದ ಪಿನ್‌ಗಳು ಅರ್ಧಕ್ಕೂ ಮೊದಲೇ ಮುಗಿಯುವುದು ಕಾಣುತ್ತದೆ. ಅಂಥ ಸ್ಲಾಟ್‌ನಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ನಾಲ್ಕು ಎಸ್‌ಎಸ್‌ಡಿ ಓಡುವುದಿಲ್ಲ.

ದುಬಾರಿ ಬೋರ್ಡ್‌ಗಳಲ್ಲಿ ಇನ್ನೊಂದು ಥರ. ಅಲ್ಲಿ ಮೊದಲ ಎರಡು ಸ್ಲಾಟ್ ಸೇರಿ 16 ಲೇನ್ ಹಂಚಿಕೊಳ್ಳುತ್ತವೆ. ಎರಡನೆಯದರಲ್ಲಿ ಏನಾದರೂ ಹಾಕಿದ ತಕ್ಷಣ ಎರಡಕ್ಕೂ 8 ಆಗುತ್ತದೆ. ಮೊದಲನೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್, ಎರಡನೆಯದರಲ್ಲಿ ಎಸ್‌ಎಸ್‌ಡಿ ಕಾರ್ಡ್ ಇಟ್ಟರೆ 1 ಮತ್ತು 2 ಮಾತ್ರ ಕಾಣುವುದು ಇದಕ್ಕೇ. ಕೆಲವು ಹೊಸ ಬೋರ್ಡ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಒಂದು ಎಂ.2 ಜಾಗವೂ ಗ್ರಾಫಿಕ್ಸ್ ಸ್ಲಾಟ್‌ನ ಲೇನ್‌ಗಳನ್ನು ಕಿತ್ತುಕೊಳ್ಳುತ್ತದೆ. ಕೈಪಿಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಇದನ್ನು ಬರೆದಿರುತ್ತಾರೆ. ಆ ಟಿಪ್ಪಣಿಯನ್ನೇ ಹುಡುಕಿ ಓದಿ.

ಪ್ರೊಸೆಸರ್‌ಗೆ ಆಗುವುದೆಷ್ಟು

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಹಂಚುವ ಕೆಲಸ ಪ್ರೊಸೆಸರ್‌ದು ಅಂತ ಹೇಳಿದೆನಲ್ಲ, ಎಲ್ಲ ಪ್ರೊಸೆಸರ್‌ಗಳೂ ನಾಲ್ಕಾಗಿ ಒಡೆಯುವುದಿಲ್ಲ.

ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 11ನೇ ತಲೆಮಾರಿನವರೆಗೆ ಗರಿಷ್ಠ 8+4+4. ಅಂದರೆ ಮೂರು ಸಾಧನ. 12ನೇ ತಲೆಮಾರಿನಿಂದ 14ರವರೆಗೆ ಅದೂ ಹೋಯಿತು. 8+8 ಮಾತ್ರ, ಎರಡೇ ಸಾಧನ. ಅದೂ ಝಡ್690, ಝಡ್790ರಂಥ ಚಿಪ್‌ಸೆಟ್ ಬೇಕು. ಬಿ660, ಬಿ760 ಬೋರ್ಡ್‌ಗಳಲ್ಲಿ ಈ ಆಯ್ಕೆಯನ್ನು ಸಾಮಾನ್ಯವಾಗಿ ನಿರೀಕ್ಷಿಸುವಂತಿಲ್ಲ. ಹಾಗಾಗಿ 13ನೇ ತಲೆಮಾರಿನ ಇಂಟೆಲ್ ಇಟ್ಟುಕೊಂಡು ನಾಲ್ಕು ಜಾಗದ ಕಾರ್ಡ್ ತಂದವರಿಗೆ ಒಂದೇ ಸಲಹೆ: ಎರಡು ಎಸ್‌ಎಸ್‌ಡಿಯನ್ನು 1 ಮತ್ತು 3ನೇ ಜಾಗದಲ್ಲಿ ಹಾಕಿ, 8+8 ಆರಿಸಿ. 1 ಮತ್ತು 2ರಲ್ಲಿ ಅಕ್ಕಪಕ್ಕ ಹಾಕಿದರೆ ಒಂದೇ ಕಾಣುತ್ತದೆ.

ಎಎಂಡಿ ರೈಜನ್ ಈ ವಿಷಯದಲ್ಲಿ ಉದಾರಿ. ಎಎಂ4 ಮತ್ತು ಎಎಂ5 ಸಾಕೆಟ್‌ನ ಮಾಮೂಲಿ ರೈಜನ್‌ಗಳು 4+4+4+4 ಮಾಡಬಲ್ಲವು, ಬೋರ್ಡ್‌ನ ಬಯಾಸ್‌ನಲ್ಲಿ ಆಯ್ಕೆ ಕೊಟ್ಟಿದ್ದರೆ. ಆದರೆ ಹೆಸರಿನ ಕೊನೆಗೆ 'ಜಿ' ಇರುವ ಪ್ರೊಸೆಸರ್‌ಗಳನ್ನು ಇದೇ ಸಾಲಿಗೆ ಸೇರಿಸಬೇಡಿ. 3400ಜಿಯಲ್ಲಿ ಆ ಸ್ಲಾಟ್‌ಗೆ ಬರುವುದೇ 8 ಲೇನ್. 5600ಜಿ, 5700ಜಿಯಲ್ಲಿ 16 ಇದೆ, ಆದರೆ ಹಂಚಿಕೆ 8+4+4ಕ್ಕೆ ನಿಲ್ಲುತ್ತದೆ, ವೇಗವೂ ಪಿಸಿಐಇ 3.0. ಎಎಂ5ನ 8600ಜಿ, 8700ಜಿಯಲ್ಲಿ ಮತ್ತೆ 8 ಲೇನ್. 8500ಜಿಯಲ್ಲಿ 4 ಅಷ್ಟೇ. ಮನೆ ಸರ್ವರ್ ಕಟ್ಟುವವರು ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ ಅಂತ 'ಜಿ' ಪ್ರೊಸೆಸರನ್ನೇ ಆರಿಸುತ್ತಾರೆ. ನಾಲ್ಕು ಎಸ್‌ಎಸ್‌ಡಿ ಕಾರ್ಡ್ ಹಾಕುವ ಆಸೆ ಇದ್ದರೆ ಆ ಆಯ್ಕೆ ಸರಿ ಹೊಂದುವುದಿಲ್ಲ.

ಥ್ರೆಡ್‌ರಿಪ್ಪರ್, ಎಪಿಕ್, ಜಿಯಾನ್ ಇದ್ದವರಿಗೆ ಲೇನ್‌ಗಳ ಕೊರತೆ ಇಲ್ಲ. ಸೆಕೆಂಡ್ ಹ್ಯಾಂಡ್ ಜಿಯಾನ್ ಇ5 ವಿ3, ವಿ4 ಪ್ರೊಸೆಸರ್‌ಗಳಲ್ಲಿ 40 ಲೇನ್ ಇವೆ, ನಾಲ್ಕಾಗಿ ಒಡೆಯುತ್ತವೆ. ಅಗ್ಗದ ಸ್ಟೋರೇಜ್ ಸರ್ವರ್‌ಗೆ ಇವು ಇವತ್ತಿಗೂ ಒಳ್ಳೆಯ ಆಯ್ಕೆ ಅನ್ನುವುದು ನನ್ನ ಅಭಿಪ್ರಾಯ, ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದರೂ.

ಬಯಾಸ್‌ನಲ್ಲಿ ಎಲ್ಲಿ ಹುಡುಕಬೇಕು

ಒಂದೊಂದು ಕಂಪನಿಯದು ಒಂದೊಂದು ಹೆಸರು. ಗಿಗಾಬೈಟ್‌ನಲ್ಲಿ 'ಪಿಸಿಐಇಎಕ್ಸ್16 ಬೈಫರ್ಕೇಶನ್' ಅಂತ ನೇರವಾಗಿಯೇ ಇರುತ್ತದೆ. ಎಂಎಸ್‌ಐನಲ್ಲಿ 'ಲೇನ್ಸ್ ಕಾನ್ಫಿಗರೇಶನ್' ಅನ್ನುವ ಮಾತು ಹುಡುಕಿ. ಏಸಸ್‌ನ ಹಲವು ಬೋರ್ಡ್‌ಗಳಲ್ಲಿ ಆನ್‌ಬೋರ್ಡ್ ಡಿವೈಸಸ್ ಪುಟದೊಳಗೆ 'ಪಿಸಿಐಇ ರೇಡ್ ಮೋಡ್' ಅಂತ ಇರುತ್ತದೆ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವುದು. ಈ ಹೆಸರು ನೋಡಿ ಹೆದರಿ ಹಿಂದೆ ಸರಿಯುವವರಿದ್ದಾರೆ. ಅದು ಲೇನ್ ಒಡೆಯುವ ಸೆಟ್ಟಿಂಗ್ ಅಷ್ಟೇ. ಅದನ್ನು ಆರಿಸಿದ ಮಾತ್ರಕ್ಕೆ ಡಿಸ್ಕ್‌ಗಳು ರೇಡ್‌ಗೆ ಸೇರುವುದಿಲ್ಲ. ಸೂಪರ್‌ಮೈಕ್ರೋದ ಜಿಯಾನ್ ಬೋರ್ಡ್‌ಗಳಲ್ಲಿ 'ಐಒಯು0', 'ಐಒಯು1', 'ಐಒಯು2' ಅನ್ನುವ ಸಾಲುಗಳಿರುತ್ತವೆ. ಯಾವುದು ಯಾವ ಸ್ಲಾಟ್ ಅನ್ನುವುದನ್ನು ಕೈಪಿಡಿಯ ಬ್ಲಾಕ್ ಚಿತ್ರ ನೋಡಿಯೇ ತಿಳಿಯಬೇಕು.

ಆಯ್ಕೆ ಕಾಣದಿದ್ದರೆ ಬಯಾಸ್ ಅಪ್‌ಡೇಟ್ ಮಾಡಿ ನೋಡಿ. ಕೆಲವು ಬೋರ್ಡ್‌ಗಳಿಗೆ ಇದು ಆಮೇಲೆ ಬಂದದ್ದುಂಟು. ಡಿಸ್ಕ್‌ಗಳು ಬಯಾಸ್‌ನಲ್ಲಿ ಕಂಡು ವಿಂಡೋಸ್‌ನಲ್ಲಿ ಕಾಣದಿದ್ದರೆ ಲೇನ್ ವಿಷಯ ಮುಗಿದಿದೆ ಅಂತ ಅರ್ಥ. ಆಗ ಡಿಸ್ಕ್‌ಗಳನ್ನು ತಮ್ಮ ಹತೋಟಿಗೆ ತೆಗೆದುಕೊಳ್ಳುವ ಇಂಟೆಲ್ ವಿಎಂಡಿ ಅಥವಾ ಎಎಂಡಿ ರೇಡ್ ಸೆಟ್ಟಿಂಗ್ ಬಯಾಸ್‌ನಲ್ಲಿ ಆನ್ ಆಗಿದೆಯೇ ನೋಡಿ. ಅವು ಆನ್ ಇದ್ದು ಡ್ರೈವರ್ ಇಲ್ಲದಿದ್ದರೆ ಡಿಸ್ಕ್ ಮರೆಯಾಗುತ್ತದೆ.

ಇನ್ನೊಂದು ಸಣ್ಣ ಮಾತು. ಸಾಟಾ (ಹಳೆಯ ಬಗೆಯ ಡಿಸ್ಕ್ ಸಂಪರ್ಕ) ಮಾದರಿಯ ಎಂ.2 ಎಸ್‌ಎಸ್‌ಡಿ ನೋಡಲು ಎನ್‌ವಿಎಂಇ ಥರವೇ ಇರುತ್ತದೆ. ಆದರೆ ಪಿಸಿಐಇ ಲೇನ್ ಮಾತ್ರ ಇರುವ ಈ ಕಾರ್ಡ್‌ನಲ್ಲಿ ಅದು ಎಂದಿಗೂ ಕಾಣುವುದಿಲ್ಲ. ಲೇಬಲ್ ಓದಿ.

ನಿನ್ನೆ ನಾಲ್ಕಿತ್ತು, ಇವತ್ತು ಒಂದೇ

ಡೇಟಾ ಕಳೆದುಕೊಳ್ಳುವುದು ಹೆಚ್ಚಾಗಿ ಈ ದೋಷದಲ್ಲಿ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಬಯಾಸ್ ಅಪ್‌ಡೇಟ್ ಮಾಡಿದರೆ ಬಹುತೇಕ ಎಲ್ಲ ಸೆಟ್ಟಿಂಗ್ ಕಂಪನಿ ಕೊಟ್ಟ ಮೂಲ ಸ್ಥಿತಿಗೆ ಹೋಗುತ್ತದೆ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಅದೇ ಆಗಬಹುದು. ರ‍್ಯಾಮ್ ಬದಲಿಸಿದ ಮೇಲೆ ಸಿಮಾಸ್ (ಬಯಾಸ್ ಸೆಟ್ಟಿಂಗ್ ಉಳಿಯುವ ಮೆಮೊರಿ) ಕ್ಲಿಯರ್ ಮಾಡಿದರೂ ಅಷ್ಟೇ. ಸ್ಲಾಟ್ ಮತ್ತೆ 'ಆಟೋ'ಗೆ ಹೋಗುತ್ತದೆ, ಮೂರು ಡಿಸ್ಕ್ ಒಟ್ಟಿಗೆ ಮಾಯವಾಗುತ್ತವೆ. ಬಯಾಸ್‌ನ ಗಡಿಯಾರ ತಪ್ಪಾಗಿದ್ದರೆ ಬ್ಯಾಟರಿಯೇ ಕಾರಣ ಅಂತ ಹೆಚ್ಚುಕಡಿಮೆ ಖಚಿತ.

ಈ ಡಿಸ್ಕ್‌ಗಳು ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವ ಝಡ್‌ಎಫ್‌ಎಸ್ ಪೂಲ್‌ನಲ್ಲೋ, ಲಿನಕ್ಸ್ ಸಾಫ್ಟ್‌ವೇರ್ ರೇಡ್‌ನಲ್ಲೋ ಇದ್ದರೆ ಪರದೆ ಮೇಲೆ ಭಯ ಹುಟ್ಟಿಸುವ ಸಂದೇಶ ಬರುತ್ತದೆ. ಪೂಲ್ ಸಿಗುತ್ತಿಲ್ಲ, ಡಿಸ್ಕ್ ಇಲ್ಲ ಅಂತ. ಆ ಹೊತ್ತಿನಲ್ಲಿ ಡೇಟಾಗೆ ಏನೂ ಆಗಿರುವುದಿಲ್ಲ. ಮೂರು ಎಸ್‌ಎಸ್‌ಡಿ ಒಂದೇ ಕ್ಷಣದಲ್ಲಿ ಸಾಯುವುದಿಲ್ಲ, ಅವಕ್ಕೆ ದಾರಿ ಮುಚ್ಚಿದೆ ಅಷ್ಟೇ. ಅರೇಯನ್ನು (ಡಿಸ್ಕ್‌ಗಳ ಆ ಗುಂಪನ್ನು) ಹೊಸದಾಗಿ ಸೃಷ್ಟಿಸುವ ಕಮಾಂಡ್ ಕೊಡಬೇಡಿ. ಒತ್ತಾಯದ ('ಫೋರ್ಸ್') ಆಯ್ಕೆ ಹಾಕಬೇಡಿ. ವಿಂಡೋಸ್ ಡಿಸ್ಕ್ ಮ್ಯಾನೇಜ್‌ಮೆಂಟ್ 'ಇನಿಶಿಯಲೈಸ್' ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. ಕಂಪ್ಯೂಟರ್ ಆಫ್ ಮಾಡಿ, ಬಯಾಸ್‌ಗೆ ಹೋಗಿ, ಹಂಚಿಕೆ ಮತ್ತೆ ಆರಿಸಿ, ಸೇವ್ ಮಾಡಿ. ಡಿಸ್ಕ್‌ಗಳು ವಾಪಸ್ ಬರುತ್ತವೆ, ಪೂಲ್ ಕೂಡ ಬರುತ್ತದೆ. ಆ ಸೆಟ್ಟಿಂಗ್ ಪುಟದ ಫೋಟೋ ಒಂದು ಫೋನ್‌ನಲ್ಲಿ ಇಟ್ಟುಕೊಂಡಿರಿ. ಸೆಟ್ಟಿಂಗ್ ಎಲ್ಲಿತ್ತು ಅಂತ ಮರೆತುಹೋಗುವುದು ಸಹಜ.

ಕಾಣುತ್ತವೆ, ಆದರೆ ನಿಲ್ಲುವುದಿಲ್ಲ

ನಾಲ್ಕೂ ಕಾಣುತ್ತವೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಒಂದು ಮಾಯ. ಮರುಚಾಲನೆ ಮಾಡಿದರೆ ಮತ್ತೆ ಹಾಜರು. ಇದು ಸೆಟ್ಟಿಂಗ್ ದೋಷವಲ್ಲ, ವಿದ್ಯುತ್ತಿನದೋ ಸಿಗ್ನಲ್‌ನದೋ.

ಮೊದಲು ವಿದ್ಯುತ್. ಎಂ.2 ಎಸ್‌ಎಸ್‌ಡಿಗೆ ಬೇಕಾದದ್ದು 3.3 ವೋಲ್ಟ್. ಪಿಸಿಐಇ ಸ್ಲಾಟ್‌ನಲ್ಲಿ 3.3 ವೋಲ್ಟ್‌ನ ಮಿತಿ 3 ಆಂಪಿಯರ್, ಅಂದರೆ ಸುಮಾರು 10 ವಾಟ್. ವೇಗದ ಎಸ್‌ಎಸ್‌ಡಿ ಒಂದೇ ಕೆಲಸದ ಹೊತ್ತಿನಲ್ಲಿ 7-8 ವಾಟ್ ಎಳೆಯಬಹುದು. ಹಾಗಾಗಿ ಒಳ್ಳೆಯ ಕಾರ್ಡ್ ಸ್ಲಾಟ್‌ನ 12 ವೋಲ್ಟ್ ತೆಗೆದುಕೊಂಡು ತನ್ನಲ್ಲೇ 3.3ಕ್ಕೆ ಇಳಿಸುತ್ತದೆ. ಕಾರ್ಡ್ ಮೇಲೆ ಸಣ್ಣ ಕಾಯಿಲ್‌ಗಳು, ರೆಗ್ಯುಲೇಟರ್ ಚಿಪ್‌ಗಳು ಕಾಣಬೇಕು. ಬರೀ ತಾಮ್ರದ ಗೆರೆಗಳಿದ್ದು ಬೇರೇನೂ ಇಲ್ಲದ ನಾಲ್ಕು ಜಾಗದ ಕಾರ್ಡನ್ನು ನಾನಂತೂ ಕೊಳ್ಳುವುದಿಲ್ಲ.

ಹಾಗೆಯೇ ಕ್ಲಾಕ್. ಪ್ರತಿ ಎಸ್‌ಎಸ್‌ಡಿಗೂ 100 ಮೆಗಾಹರ್ಟ್ಸ್ ಕ್ಲಾಕ್ ಬೇಕು. ಆದರೆ ಸ್ಲಾಟ್‌ನಲ್ಲಿ ಬರುವುದು ಒಂದೇ ಜೋಡಿ ಕ್ಲಾಕ್ ತಂತಿ. ಅದನ್ನು ನಾಲ್ಕಕ್ಕೆ ಹಂಚಲು ಕಾರ್ಡ್ ಮೇಲೆ ಕ್ಲಾಕ್ ಬಫರ್ ಚಿಪ್ ಇರಬೇಕು. ಅದಿಲ್ಲದೆ ತಂತಿಯನ್ನು ಸುಮ್ನೆ ಕವಲೊಡೆಸಿದ ಕಾರ್ಡ್ ಒಂದು ದಿನ ಓಡುತ್ತದೆ, ಇನ್ನೊಂದು ದಿನ ಇಲ್ಲ.

ಆಮೇಲೆ ಸಿಗ್ನಲ್. ಲಿನಕ್ಸ್‌ನ ಕರ್ನಲ್ ಲಾಗ್‌ನಲ್ಲಿ 'ಎಇಆರ್' ಅನ್ನುವ ಸಾಲುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ಲೇನ್‌ನಲ್ಲಿ ತಪ್ಪುಗಳಾಗುತ್ತಿವೆ, ಅವನ್ನು ಸರಿಪಡಿಸಿಕೊಳ್ಳುತ್ತಾ ಓಡುತ್ತಿದೆ ಅಂತ ಅರ್ಥ. ಬಯಾಸ್‌ನಲ್ಲಿ ಸ್ಲಾಟ್ ವೇಗವನ್ನು ಒಂದು ಮೆಟ್ಟಿಲು ಇಳಿಸಿ, 4.0 ಇದ್ದದ್ದನ್ನು 3.0 ಮಾಡಿ. ತಪ್ಪುಗಳು ನಿಂತರೆ ಕಾರ್ಡ್ ಅಥವಾ ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಇಡಲು ಬಳಸುವ ಕೇಬಲ್) ಆ ವೇಗಕ್ಕೆ ತಕ್ಕುದಲ್ಲ. 3.0ರಲ್ಲಿ 4 ಲೇನ್‌ಗೆ ಸೆಕೆಂಡಿಗೆ 3.9 ಜಿಬಿ, 4.0ರಲ್ಲಿ 7.9 ಜಿಬಿ ಹತ್ತಿರ ಸಿಗುತ್ತದೆ. ಮನೆ ಬಳಕೆಗೆ ಮೊದಲನೆಯದು ಧಾರಾಳ. ಹಾಗೇ ಬಿಟ್ಟರೂ ತೊಂದರೆ ಇಲ್ಲ.

ತಪ್ಪು ಒಂದೇ ಡಿಸ್ಕ್‌ನಲ್ಲಿ ಬರುತ್ತಿದ್ದರೆ ಅದನ್ನೂ ಪಕ್ಕದ್ದನ್ನೂ ಅದಲುಬದಲು ಮಾಡಿ. ದೋಷ ಎಸ್‌ಎಸ್‌ಡಿ ಜೊತೆಗೇ ಹೋದರೆ ಎಸ್‌ಎಸ್‌ಡಿಯದು. ಜಾಗದಲ್ಲೇ ಉಳಿದರೆ ಕಾರ್ಡ್‌ದೋ ಬೋರ್ಡ್‌ದೋ. ಕಾರ್ಡ್‌ನ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ.

ಇಷ್ಟಾದರೂ ಅದೇ ಲೇನ್‌ಗಳು ಕೈಕೊಟ್ಟರೆ ಪ್ರೊಸೆಸರ್ ಸಾಕೆಟ್ ನೋಡಬೇಕು. ಇಂಟೆಲ್ ಮತ್ತು ಎಎಂ5 ಬೋರ್ಡ್‌ಗಳಲ್ಲಿ ಪಿನ್‌ಗಳು ಸಾಕೆಟ್‌ನಲ್ಲೇ ಇರುತ್ತವೆ. ಒಂದೆರಡು ಪಿನ್ ಬಾಗಿದ್ದರೆ ಕಂಪ್ಯೂಟರ್ ಉಳಿದಂತೆ ಚೆನ್ನಾಗಿಯೇ ಓಡುತ್ತಾ ಕೆಲವು ಲೇನ್ ಮಾತ್ರ ಸಿಗದೆ ಹೋಗಬಹುದು. ಕೂಲರ್ ಒಂದು ಕಡೆಗೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗಿದ್ದರೂ ಹೀಗಾಗುತ್ತದೆ. ಕಾರ್ಡ್ ತೆಗೆದು ಅದೇ ಸ್ಲಾಟ್‌ಗೆ 16 ಲೇನ್‌ನ ಗ್ರಾಫಿಕ್ಸ್ ಕಾರ್ಡ್ ಹಾಕಿ, ಹಂಚಿಕೆಯನ್ನು 'ಆಟೋ'ಗೆ ತಂದು, ಅದು ಎಷ್ಟು ಲೇನ್‌ನಲ್ಲಿ ಓಡುತ್ತಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಸುಮ್ಮನಿದ್ದಾಗ ವೇಗ ಇಳಿಸಿಕೊಳ್ಳುವುದು ಸಹಜ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಲೇನ್ ಸಂಖ್ಯೆ. 16ರ ಬದಲು 8 ಅಥವಾ 4 ಬಂದರೆ, ಮತ್ತು ಬೇರೆ ಯಾವುದೂ ಆ ಲೇನ್‌ಗಳನ್ನು ಹಂಚಿಕೊಳ್ಳುತ್ತಿಲ್ಲದಿದ್ದರೆ, ಕೂಲರ್ ಬಿಚ್ಚುವ ಕಾಲ ಬಂದಿದೆ.

ಪ್ರೊಸೆಸರ್ ಒಪ್ಪದಿದ್ದರೆ

ಹಂಚಿಕೆ ಆಗದ ಬೋರ್ಡ್‌ನಲ್ಲೂ ನಾಲ್ಕು ಎಸ್‌ಎಸ್‌ಡಿ ಬೇಕೇ ಬೇಕು ಅಂದರೆ ದಾರಿ ಇದೆ. ಪಿಸಿಐಇ ಸ್ವಿಚ್ ಚಿಪ್ ಇರುವ ಕಾರ್ಡ್. ಅದರ ಮೇಲೆ ಪಿಎಲ್‌ಎಕ್ಸ್‌ನ ಪಿಇಎಕ್ಸ್8747, ಎಎಸ್‌ಮೀಡಿಯಾದ ಎಎಸ್‌ಎಂ2824 ಥರದ ಚಿಪ್ ಇರುತ್ತದೆ. ಬೋರ್ಡ್‌ಗೆ ಕಾಣುವುದು ಒಂದೇ ಸಾಧನ, ಅದರ ಹಿಂದೆ ಚಿಪ್ ನಾಲ್ಕು ಪೋರ್ಟ್ ತೆರೆಯುತ್ತದೆ. ಬಯಾಸ್ ಮುಟ್ಟುವುದೇ ಬೇಡ. ಬೆಲೆ ಮಾಮೂಲಿ ಕಾರ್ಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ಚಿಪ್ ಬಿಸಿಯಾಗುವುದರಿಂದ ಹೀಟ್‌ಸಿಂಕ್‌ಗೆ ಗಾಳಿ ಬೀಸಬೇಕು. ಕೊಳ್ಳುವಾಗ ಅಂಗಡಿಯವರನ್ನು "ಬೈಫರ್ಕೇಶನ್ ಬೇಕಾ, ಬೇಡವಾ" ಅಂತ ಕೇಳಿ. ಬೇಡ ಅಂದರೆ ಚಿಪ್ ಯಾವುದು ಅಂತ ಕೇಳಿ. ಚಿಪ್ ಹೆಸರು ಹೇಳಲಾಗದಿದ್ದರೆ ಅದು ಮಾಮೂಲಿ ಕಾರ್ಡೇ ಇರಬಹುದು.

ನಾಲ್ಕು ಎಸ್‌ಎಸ್‌ಡಿಯೂ ಒಟ್ಟಿಗೆ ಪೂರ್ತಿ ವೇಗದಲ್ಲಿ ಓಡುವುದು ಸ್ಲಾಟ್ ಕಡೆಗೆ ಅಷ್ಟು ಲೇನ್ ಇದ್ದರೆ ಮಾತ್ರ. ಎಎಸ್‌ಎಂ2824 ಕಾರ್ಡ್‌ಗಳಲ್ಲಿ ಸ್ಲಾಟ್ ಕಡೆಗೆ ಸಾಮಾನ್ಯವಾಗಿ 8 ಲೇನ್. ಅದನ್ನು ಚಿಪ್‌ಸೆಟ್‌ನ 4 ಲೇನ್ ಸ್ಲಾಟ್‌ಗೆ ಹಾಕಿದರೂ ನಾಲ್ಕೂ ಡಿಸ್ಕ್ ಕಾಣುತ್ತವೆ, ಒಂದು ಡಿಸ್ಕ್‌ನ ವೇಗವನ್ನು ನಾಲ್ಕೂ ಹಂಚಿಕೊಳ್ಳುತ್ತವೆ. ಸಿನಿಮಾ, ಫೋಟೋ, ಬ್ಯಾಕಪ್ ಇಡುವ ಮನೆ ಸರ್ವರ್‌ಗೆ ಅಷ್ಟು ಸಾಕು, ಗಿಗಾಬಿಟ್ ನೆಟ್‌ವರ್ಕ್ ಕೇಬಲ್ ಸೆಕೆಂಡಿಗೆ ಸಾಗಿಸುವುದೇ ಸುಮಾರು 120 ಎಂಬಿ. ವಿಡಿಯೋ ಎಡಿಟಿಂಗ್ ಮಾಡುವವರಾದರೆ ಆ ದುಡ್ಡನ್ನು 4+4+4+4 ಮಾಡಬಲ್ಲ ಬೋರ್ಡ್ ಮತ್ತು ಪ್ರೊಸೆಸರ್‌ಗೆ ಹಾಕಿ.